ದೀಪಾವಳಿಗೆ ಕೊಟ್ಟ ಅಂಗಿಗಳು

ಅಕ್ಟೋಬರ್ 21, ಮಂಗಳವಾರ

ಮಗರಾಯ ನಿನ್ನೆ ಮಧ್ಯಾಹ್ನ ಹೋದವನು ಇನ್ನೂ ಬಂದಿಲ್ಲ. ಬರದಿದ್ದರೆ ಬಿಟ್ಟ. ಹಸಿವಾದರೆ ಘಾಜಿಯಾಬಾದಿನಲ್ಲಿ ಬೇಕಾದಷ್ಟು ಹೋಟೆಲುಗಳಿವೆ, ಅಪ್ಪನದ್ದೇ ಆಗಬೇಕೆಂದಿಲ್ಲ. ಉಮಾವತಿ ಬೆಳಿಗ್ಗೆಯಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಹೆಂಡತಿಯೂ ಮಾತಾಡದಿದ್ದ ಮೇಲೆ ಇನ್ಯಾರ ಹತ್ತಿರ ಹೇಳಿಕೊಳ್ಳುವುದು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಾಡಿದ್ದಾದರೂ ಏನು? ದೀಪಾವಳಿಗೆ ಹೋಟೆಲಿನ ಕೆಲಸದವರಿಗೆ ಹೊಸ ಬಟ್ಟೆ ಕೊಡುವುದು ನನ್ನ ಅಪ್ಪನ ಕಾಲದಿಂದ ಬಂದ ಕ್ರಮ. ಈ ಸಲ ಬಟ್ಟೆಯಂಗಡಿಗೆ ಹೋಗಲು ಪುರುಸೊತ್ತಾಗಲಿಲ್ಲ. ರೋಹಿತನ ಕಪಾಟು ತೆರೆದೆ. ಪ್ಲಾಸ್ಟಿಕ್ ಕವರಿನೊಳಗೆ ಅಂಗಿ, ಅಂಗಿಯ ಮೇಲೆ ಅಂಗಿ. ಎಲ್ಲ ಯಾವುದೋ ದೇಶದ ಯಾವುದೋ ಮೂಲೆಯ ಫುಟ್‌ಬಾಲ್ ಕ್ಲಬ್ಬಿನವು. ಹೆಸರಾಂತ ಕ್ಲಬ್ಬಾದರೂ ಆಗಿದ್ದರೆ ಒಂದು ಮಾತು. ಬೊಲಿವಿಯಾದ ಗಣಿ ಕೂಲಿಗಳದ್ದಂತೆ, ಎಸ್ಟೋನಿಯಾದ ರೈಲ್ವೆಯವರದ್ದಂತೆ. ಆ ಊರಿನವರೇ ಮ್ಯಾಚು ನೋಡಲು ಬರುವುದಿಲ್ಲವೆಂದು ಇವನೇ ಒಮ್ಮೆ ಅಂದಿದ್ದ. ಇವನೋ ದಮ್ಮಿನ ಕಾಯಿಲೆಯವನು, ಹುಟ್ಟಿದಂದಿನಿಂದ ಚೆಂಡಿಗೆ ಕಾಲು ತಾಗಿಸಿದವನಲ್ಲ. ಒಂದು ಅಂಗಿಯನ್ನಾದರೂ ಮೈಗೆ ಹಾಕಿದವನಲ್ಲ. ವಯಸ್ಸು ಇಪ್ಪತ್ತಾರು. ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಯಾರ್‍ಯಾರಿಗೋ ಚಿತ್ರ ಮಾಡಿಕೊಡುತ್ತಾನೆ, ಬಂದದ್ದನ್ನು ಈ ಬಟ್ಟೆಗಳ ಮೇಲೆ ಸುರಿಯುತ್ತಾನೆ. ಕೌಂಟರಿನಲ್ಲಿ ಸ್ವಲ್ಪ ಹೊತ್ತು ಕೂತುಕೋ ಅಂದರೆ ಹರಳೆಣ್ಣೆ ಕುಡಿದವನ ಮುಖ.

ಹನ್ನೊಂದು ಅಂಗಿ ತೆಗೆದು ಹನ್ನೊಂದು ಜನರಿಗೆ ಕೊಟ್ಟೆ. ಎಲ್ಲರೂ ಅಲ್ಲೇ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ದೋಸೆ ಹೊಯ್ಯುವ ಚಂದ್ರಮೋಹನ ಮೀನಿನ ಚಿತ್ರದ ಹಳದಿ ಅಂಗಿ ಹಾಕಿ ಕಾವಲಿಯ ಮುಂದೆ ನಿಂತ. ಹೋಟೆಲು ಶಾಕಾಹಾರಿ, ಅವನ ಎದೆಯ ಮೇಲೆ ಮೀನು! ಗಿರಾಕಿಯೊಬ್ಬರು, "ಭಯ್ಯಾ, ಟೀಮ್ ರೆಡಿ ಹೈ, ಬಾಲ್ ಕಹಾಂ ಹೈ?" ಎಂದು ಚೆಂಡು ಕೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದೇ ಹೊತ್ತಿಗೆ ರೋಹಿತ ಒಳಗೆ ಬಂದ.

ಒಬ್ಬೊಬ್ಬರನ್ನೇ ನೋಡಿದ. ಕೂಗಲಿಲ್ಲ, ಬೈಯಲಿಲ್ಲ. "ಪಪ್ಪಾ, ಇದೆಲ್ಲ ನೀವು ಕೊಟ್ಟದ್ದಾ?" ಅಂದ. "ಹೌದು, ಕಡೆಗೂ ಉಪಯೋಗಕ್ಕೆ ಬಂತು" ಅಂದೆ. "ಅಚ್ಛಾ" ಎಂದು ಹೊರಗೆ ಹೋದ. ನಡೆದದ್ದು ಇಷ್ಟೇ. ಬಟ್ಟೆಗಾಗಿ ಮನೆ ಬಿಟ್ಟ ಗಂಡಸನ್ನು ನಾನಂತೂ ಎಲ್ಲೂ ಕಂಡಿಲ್ಲ.

ಅಕ್ಟೋಬರ್ 24, ಶುಕ್ರವಾರ

ಫೋನು ಸ್ವಿಚ್ ಆಫ್. ದಮ್ಮಿಗೆ ಎಳೆದುಕೊಳ್ಳುವ ಪಂಪನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದಾನೆ. ಹೊರಗೆ ಪಟಾಕಿಯ ಹೊಗೆ ಇನ್ನೂ ಇಳಿದಿಲ್ಲ, ಎದುರಿನ ಬಿಲ್ಡಿಂಗ್ ಕಾಣುವುದಿಲ್ಲ. ನನ್ನಂಥ ಕಲ್ಲುಗುಂಡಿಗೇ ಕೆಮ್ಮು.

ಮಗಳು ನಿಶ್ಮಿತಾ ದೆಹಲಿಯ ಹೌಜ್ ಖಾಸಿನ ತನ್ನ ಮನೆಯಿಂದ ಬಂದು ನನ್ನ ಮೇಲೆ ಹಾರಿದಳು. "ಹತ್ತು ವರ್ಷದಿಂದ ಕಲೆಕ್ಟ್ ಮಾಡ್ತಿದ್ದ, ಪಪ್ಪಾ! ಪಾರ್ಸೆಲ್ ಬಂದ ದಿನ ಅವ್ನು ಕಿತ್ನಾ ಖುಷ್ ಇರ್ತಿದ್ದ, ನೀವು ಒಮ್ಮೆ ಆದ್ರೂ ನೋಡಿದ್ದೀರಾ?" ನಾನು ಹೋಟೆಲು ನಡೆಸುವುದೋ, ಪಾರ್ಸೆಲ್ ಬಿಚ್ಚುವವರ ಮುಖ ನೋಡುತ್ತ ಕೂರುವುದೋ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲ್ಲಿ ಒಡಹುಟ್ಟಿದವಳಿಗೂ ಮುದ್ದು.

ಅವನ ಗೆಳೆಯರೆಂದು ಇಬ್ಬರು ಮೂವರಿಗೆ ಅವಳು ಫೋನು ಮಾಡಿದಳು. ಯಾರಲ್ಲೂ ಇಲ್ಲ.

ಅಕ್ಟೋಬರ್ 29, ಬುಧವಾರ

ಪೊಲೀಸ್ ಠಾಣೆಗೆ ಹೋಗಿದ್ದೆ. "ದೊಡ್ಡ ಹುಡುಗ, ತಾನಾಗಿ ಬರುತ್ತಾನೆ" ಎನ್ನುತ್ತಲೇ ಬರೆದುಕೊಂಡರು. ಹೋಗುವಾಗ ಏನು ಹಾಕಿದ್ದ ಎಂದು ಕೇಳಿದರು. ಆ ದಿನ ನನ್ನ ಹನ್ನೊಂದು ಕೆಲಸದವರು ಏನು ಹಾಕಿದ್ದರೆಂದು ಬಣ್ಣ ಸಹಿತ ಹೇಳಬಲ್ಲೆ. ಮಗನದ್ದು ನೆನಪಿಗೆ ಬರಲಿಲ್ಲ. "ಬೂದಿ ಬಣ್ಣದ ಉದ್ದ ತೋಳಿನ ಟೀ ಶರ್ಟು, ಎಡಗೈಯಲ್ಲಿ ಕಪ್ಪು ದಾರ" ಎಂದು ಉಮಾವತಿ ಹಿಂದಿನಿಂದ ಹೇಳಿದಳು.

ಬರುವಾಗ ಆಟೋದಲ್ಲಿ ಅವಳು, "ಆ ಅಂಗಿಗಳನ್ನಾದ್ರೂ ವಾಪಸ್ ತನ್ನಿ. ಅವ ಬಂದ್ರೆ ತೋರಿಸ್ಲಿಕ್ಕೆ ಎಂತಾದ್ರೂ ಬೇಡ್ವಾ?" ಅಂದಳು.

ನವೆಂಬರ್ 3, ಸೋಮವಾರ

ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸಂಜೆಯೊಳಗೆ ಅಂಗಿ ತಂದಿಡಬೇಕು ಎಂದು ಹೇಳಿದೆ. ಒಂಬತ್ತು ಬಂತು. ತಟ್ಟೆ ತೊಳೆಯುವವನು ತನ್ನದನ್ನು ಕಾವಲಿ ಒರೆಸಲು ಕೊಟ್ಟಿದ್ದನಂತೆ. ಪಾಲಿಯೆಸ್ಟರು, ಕಾದ ಕಬ್ಬಿಣಕ್ಕೆ ತಾಗಿ ಬೆನ್ನಿನಲ್ಲಿ ಅಂಗೈಯಗಲ ತೂತು. ಅದನ್ನೂ ತಂದಿಟ್ಟ.

ಚಂದ್ರಮೋಹನ ಮಾತ್ರ ಕೈಕಟ್ಟಿ ನಿಂತ. "ಧಣಿ, ದೀಪಾವಳಿಗೆ ಕೊಟ್ಟದ್ದನ್ನು ವಾಪಸ್ ತೆಕ್ಕೊಳ್ಳುದುಂಟಾ? ನಾನದನ್ನು ಊರಿಗೆ ಕಳಿಸಿಯಾಯ್ತು. ನನ್ನ ಭಾವ ಹಾಕ್ಕೊಂಡು ದೋಣಿಗೆ ಹೋಗ್ತಾನೆ. ಒಳ್ಳೆ ಮೀನು ಸಿಗ್ತಾ ಉಂಟಂತೆ."

"ತರಿಸು" ಅಂದೆ.

"ಆಗುದಿಲ್ಲ" ಅಂದ. ನಾಲ್ಕು ಬೈದೆ. ಅವನು ಹೋಗಿ ಹಿಟ್ಟು ಕಲಕತೊಡಗಿದ. ದೋಸೆಯವನನ್ನು ಕೆಲಸದಿಂದ ತೆಗೆದರೆ ನಾಳೆ ನಾನೇ ಕಾವಲಿಯ ಮುಂದೆ ನಿಲ್ಲಬೇಕು. ಬಿಟ್ಟೆ.

ಅಂಗಿಗಳನ್ನು ಉಮಾವತಿ ಒಗೆದಳು. ಒಣಗಿದ ಮೇಲೆ ಮಡಚಲು ಕುಳಿತೆ. ಇವುಗಳ ಎದೆಯ ಲಾಂಛನವನ್ನು ಅಚ್ಚು ಹಾಕಿದ್ದಲ್ಲ, ದಾರದಿಂದ ಹೊಲಿದದ್ದು. ಒಳಗೆ ತಿರುವಿದರೆ ಹೊಲಿಗೆಯ ಬೆನ್ನು ಕಾಣುತ್ತದೆ. ಯಾರೋ ನಿಧಾನವಾಗಿ ಮಾಡಿದ ಕೆಲಸ.

ನವೆಂಬರ್ 8, ಶನಿವಾರ

ಬೆಳಿಗ್ಗೆ ಠಾಣೆಯಿಂದ ಫೋನು. ರೈಲು ಹಳಿಯ ಮೇಲೆ ಒಬ್ಬ ಸಿಕ್ಕಿದ್ದಾನೆ, ವಯಸ್ಸು ಇಪ್ಪತ್ತೈದರ ಆಸುಪಾಸು, ಮೈಮೇಲೆ ಫುಟ್‌ಬಾಲ್ ಅಂಗಿ, ಬಂದು ನೋಡಿ.

ಉಮಾವತಿಗೆ ತೆಂಗಿನಕಾಯಿ ತರಲು ಹೋಗುತ್ತೇನೆಂದು ಸುಳ್ಳು ಹೇಳಿದೆ. ಒಬ್ಬನೇ ಹೋಗುವ ಧೈರ್ಯವಿರಲಿಲ್ಲ. ಚಂದ್ರಮೋಹನ ಏನೂ ಕೇಳದೆ ಕಾವಲಿ ಆರಿಸಿ ಜೊತೆಗೆ ಬಂದ. ಶವಾಗಾರದಲ್ಲಿ ಮುಖದ ಬಟ್ಟೆ ತೆಗೆಯಲು ಬಂದವನ ಕೈ ಹಿಡಿದುಕೊಂಡೆ. ಮುಖ ಬೇಡ, ಮೊದಲು ಅಂಗಿ ತೋರಿಸು ಅಂದೆ. ಅವನಿಗೆ ನಾನು ಹುಚ್ಚನೆಂದು ಅನಿಸಿರಬೇಕು.

ಕೆಂಪು ಅಂಗಿ. ಎದೆಯ ಲಾಂಛನ ರಬ್ಬರಿನ ಅಚ್ಚು, ಅಂಚು ಸಿಪ್ಪೆ ಎದ್ದಿದೆ. ಅಂಗಿಯನ್ನು ಸ್ವಲ್ಪ ಒಳಮಗ್ಗುಲಿಗೆ ಮಗುಚಲು ಹೇಳಿದೆ. ಒಳಗೆ ಹೊಲಿಗೆಯೇ ಇಲ್ಲ. ಫುಟ್‌ಪಾತಿನ ಮಾಲು. ರೋಹಿತ ಇದನ್ನು ಮುಟ್ಟುವವನಲ್ಲ. "ನಮ್ಮವನಲ್ಲ" ಅಂದೆ. ಆಮೇಲೆ ಮುಖ ನೋಡಿದೆ. ನಮ್ಮವನಲ್ಲ. ಯಾರದೋ ಮಗ, ಮೀಸೆ ಸರಿಯಾಗಿ ಬಂದಿರಲಿಲ್ಲ.

ಹೊರಗೆ ಬಂದು ಗೋಡೆ ಹಿಡಿದುಕೊಂಡು ಕಕ್ಕಿದೆ. ದೇವರೇ, ನನ್ನವನಲ್ಲವೆಂದು ನನಗೆ ಸಂತೋಷವಾಯಿತು. ಆ ಇನ್ನೊಬ್ಬ ಅಪ್ಪ ಈಗ ಎಲ್ಲಿದ್ದಾನೋ, ಅವನಿಗೂ ಯಾರಾದರೂ ಫೋನು ಮಾಡುತ್ತಾರೆ. ಚಂದ್ರಮೋಹನ ನೀರು ಕುಡಿಸಿದ. ತೆಂಗಿನಕಾಯಿಯನ್ನೂ ಅವನೇ ನೆನಪಿನಿಂದ ಖರೀದಿಸಿದ.

ನವೆಂಬರ್ 9, ಭಾನುವಾರ

ಬರೆಯಲು ಆಗುವುದಿಲ್ಲ.

ನವೆಂಬರ್ 12, ಬುಧವಾರ

ಉಮಾವತಿಗೆ ಶವಾಗಾರದ ವಿಷಯ ಹೇಗೋ ತಿಳಿಯಿತು. ಅತ್ತಳು, ಬೈದಳು, ಆಮೇಲೆ, "ಹಬ್ಬಕ್ಕೆ ಕೊಟ್ಟ ವಸ್ತ್ರ ಅವರ ಮೈಯಿಂದ ಬಿಚ್ಚಿಸಿದ್ರಲ್ಲ, ಅದಕ್ಕೇ ಇಂಥ ಫೋನು ಬಂದದ್ದು" ಅಂದಳು. ವಾಪಸ್ ತನ್ನಿ ಅಂದವಳೂ ಇವಳೇ! ಆದರೂ ಆ ಮಾತನ್ನು ತಳ್ಳಿಹಾಕಲು ಆಗಲಿಲ್ಲ.

ಮಧ್ಯಾಹ್ನ ಹೋಟೆಲು ಮುಚ್ಚಿ ಎಲ್ಲರನ್ನೂ ಬಟ್ಟೆಯಂಗಡಿಗೆ ಕರೆದುಕೊಂಡು ಹೋದೆ. ಯಾವ ಬಣ್ಣ ಬೇಕು ಎಂದು ಕೇಳಿದರೆ ಒಬ್ಬೊಬ್ಬನದ್ದೂ ಒಂದೊಂದು ರಾಗ. ತಟ್ಟೆ ತೊಳೆಯುವವನಿಗೆ ಹೂವಿನ ಅಂಗಿಯೇ ಆಗಬೇಕಂತೆ! ಇಷ್ಟು ವರ್ಷ ಎಲ್ಲರಿಗೂ ಒಂದೇ ಬಿಳಿ ಥಾನು ಹರಿಸಿ ತರುತ್ತಿದ್ದೆ. ಸಂಜೆಯವರೆಗೂ ಹಿಡಿಯಿತು. ದಂಡ.

ನವೆಂಬರ್ 16, ಭಾನುವಾರ

ಇವತ್ತು ಒಂದು ದಾರಿ ಹೊಳೆದಿದೆ. ಕ್ರಮವಾಗಿ ಬರೆಯುತ್ತೇನೆ.

ರೋಹಿತ ಇಂಥ ಅಂಗಿ ಸಂಗ್ರಹಿಸುವವರ ಒಂದು ಗುಂಪಿನಲ್ಲಿದ್ದ. ಇಂಟರ್ನೆಟ್ಟಿನಲ್ಲಿ, ಎಲ್ಲ ದೇಶದವರೂ ಇದ್ದಾರೆ. ದೀಪಾವಳಿಯ ನಂತರ ಅವನು ಅಲ್ಲಿ ಒಂದು ಸಾಲೂ ಹಾಕಿಲ್ಲ. ಆದರೆ ನೋಡುತ್ತಿರಬಹುದು ಎಂದು ನಿಶ್ಮಿತಾಳ ಲೆಕ್ಕ. ನನ್ನ ಹೆಸರಿನಲ್ಲಿ ಒಂದು ಖಾತೆ ಮಾಡಿಕೊಟ್ಟಳು. ದೀಪಾವಳಿಯ ದಿನ ತೆಗೆದ ಚಂದ್ರಮೋಹನನ ಫೋಟೋ ಹಾಕಿದೆವು, ಕಾವಲಿ, ಹೊಗೆ, ಮೀನಿನ ಅಂಗಿ. ಕೆಳಗೆ, ಇದು ಫಾರೋ ದ್ವೀಪದ ಕ್ಲಬ್ಬು, ಎದೆಯ ಮೇಲಿರುವುದು ಬಂಗುಡೆ ಎಂದು ನಾನು ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಬರೆದಳು.

ಊಟ ಮುಗಿಯುವುದರೊಳಗೆ ಜನ ಮುಗಿಬಿದ್ದರು. ಬಂಗುಡೆ ಅಲ್ಲ, ಹೆರಿಂಗ್ ಎಂಬ ಮೀನು ಎಂದು ಆ ದ್ವೀಪದ ಮೇಷ್ಟ್ರೊಬ್ಬರು ಚಿತ್ರ ಸಹಿತ ತಿಳಿಸಿದರು. ನೋಡಿದರೆ ನಮ್ಮ ಬೂತಾಯಿ ಮೀನಿನ ದಾಯಾದಿ. ಎದೆಯ ಮೇಲಿನ ಹೆಸರು ಆ ಊರಿನ ಡಬ್ಬಿ ಮೀನಿನ ಕಾರ್ಖಾನೆಯದ್ದಂತೆ, ಅದು ಮುಚ್ಚಿಹೋಗಿದೆಯಂತೆ.

"ದೇಖಾ, ಪಪ್ಪಾ?" ಅಂದಳು ನಿಶ್ಮಿತಾ. "ಇವ್ರಿಗೆಲ್ಲ ತಪ್ಪು ಕಂಡ್ರೆ ಕೈ ನಿಲ್ಲಲ್ಲ. ರೋಹಿತ್ ಭೀ ಐಸಾ ಹೀ ಹೈ ನಾ."

ಸತ್ಯ. ನಾನು ಗಿರಾಕಿಯ ಹತ್ತಿರ ನೀರುದೋಸೆಗೆ ನಿನ್ನೆ ನೆನೆಸಿದ ಅಕ್ಕಿ ಎಂದು ಬಾಯಿ ತಪ್ಪಿ ಅಂದರೆ, ಒಳಗಿನಿಂದ ಎದ್ದು ಬಂದು "ಅಲ್ಲ, ಇವತ್ತು ಬೆಳಿಗ್ಗೆಯದ್ದು" ಎಂದು ಹೇಳಿ ಹೋಗುವ ಜಾತಿ ಅವನದ್ದು. ಎಷ್ಟು ಸಲ ನನಗೆ ಮೈ ಉರಿದಿದೆ! ತಪ್ಪು ಹಾಕುತ್ತೇನೆ. ಒಂದಾದ ಮೇಲೊಂದು. ಎಲ್ಲೇ ಇರಲಿ, ತಡೆಯಲಾರದೆ ಬಾಯಿಬಿಡುತ್ತಾನೆ.

ನವೆಂಬರ್ 23, ಭಾನುವಾರ

ಗಣಿ ಕೂಲಿಗಳ ಅಂಗಿಯನ್ನು ಪೆರುವಿನದ್ದೆಂದೆ. ರೈಲ್ವೆಯವರದ್ದನ್ನು ಬಸ್ಸು ಕಂಪನಿಯದ್ದೆಂದೆ. ಹಸಿರು ಪಟ್ಟಿಯದ್ದಕ್ಕೆ ಇಸವಿ ತಪ್ಪು ಹಾಕಿದೆ. ಎಲ್ಲರೂ ತಿದ್ದಿದರು, ರೋಹಿತನೊಬ್ಬನನ್ನು ಬಿಟ್ಟು. ಅರ್ಜೆಂಟೀನಾದವನೊಬ್ಬ ನನ್ನನ್ನು ಕತ್ತೆ ಎಂದ. ಇನ್ನೊಬ್ಬ, ಕಳ್ಳಮಾಲು ಮಾರುವವನಿರಬೇಕು, ಇವನನ್ನು ಗುಂಪಿನಿಂದ ಹೊರಗೆ ಹಾಕಿ ಎಂದ. ಅನ್ನಲಿ. ನನ್ನ ಮಗ ಬಂದು ಎರಡು ಸಲ ಕತ್ತೆ ಅನ್ನಲಿ, ನಾನು ಮೂರನೆಯ ಸಲ ಕೇಳಿ ಅನ್ನಿಸಿಕೊಳ್ಳುತ್ತೇನೆ.

ಕೌಂಟರಿನಲ್ಲಿ ಕುಳಿತು ಫೋನೇ ನೋಡುತ್ತಿರುತ್ತೇನೆ. ಗಿರಾಕಿಯೊಬ್ಬರಿಗೆ ಇವತ್ತು ಕಾಫಿಯ ಬದಲು ಸಕ್ಕರೆ ಡಬ್ಬಿ ಕೊಟ್ಟೆ.

ಡಿಸೆಂಬರ್ 2, ಮಂಗಳವಾರ

ಇವತ್ತು ತೂತುಬಿದ್ದ ಅಂಗಿಯ ಸರದಿ. ಘಾನಾ ದೇಶದ್ದು, ಕೊಕ್ಕೋ ಬೆಳೆಯುವ ಊರಿನದು. ಮಳೆಗೆ ಮೈದಾನ ಕೊಚ್ಚಿಹೋದ ವರ್ಷ ಊರವರೇ ಚಂದಾ ಹಾಕಿ ಹೊಲಿಸಿದ ಅಂಗಿಯಂತೆ, ಆ ಒಂದೇ ವರ್ಷ ಆಡಿದ್ದು. ಇದನ್ನು ಬೇರೆ ದೇಶದ್ದೆಂದು ಹಾಕೋಣ ಎಂದಳು ನಿಶ್ಮಿತಾ. ಬೇಡ ಅಂದೆ. ಸುಳ್ಳು ಹಾಕಲು ಯಾಕೋ ಮನಸ್ಸು ಬರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಸಿದೆ. ತೂತು ಹೇಗಾಯಿತೆಂದು ಕೂಡ. ಅರ್ಜೆಂಟೀನಾದವನು ಅಳುವ ಮುಖದ ಚಿತ್ರ ಹಾಕಿದ.

ಸಂಜೆ ಚಂದ್ರಮೋಹನನ ಹತ್ತಿರ ಹೋಗಿ, "ಮಾರಾಯ, ಆ ಮೀನಿನ ಅಂಗಿ ನಿನ್ನದ್ದೇ. ಆದರೂ ನಿನ್ನ ಭಾವನನ್ನು ಒಂದು ಮಾತು ಕೇಳುತ್ತೀಯಾ? ಕೊಡುವ ಮನಸ್ಸಿಲ್ಲದಿದ್ದರೆ ಬೇಡ" ಅಂದೆ.

ಅವನು ನನ್ನನ್ನೇ ನೋಡಿದ. "ಧಣಿ, ನಿಮಗೆ ಹುಷಾರಿಲ್ವಾ?" ಅಂದ. ಆಮೇಲೆ, "ಕೇಳುವಾ" ಅಂದ.

ಡಿಸೆಂಬರ್ 14, ಭಾನುವಾರ

ಚಳಿ ಹೆಚ್ಚಾಗಿದೆ. ಮಂಜೋ ಹೊಗೆಯೋ, ಉಸಿರೆಳೆದರೆ ಗಂಟಲು ಉರಿಯುತ್ತದೆ. ಅವನ ಪಂಪು ಮೇಜಿನ ಮೇಲೆ ಹಾಗೆಯೇ ಇದೆ, ಉಮಾವತಿ ದಿನಾ ಧೂಳು ಒರೆಸುತ್ತಾಳೆ. ಅವಳು ಈಗ ಅನ್ನವನ್ನು ಬರೀ ಕಲಸುತ್ತಾಳೆ, ತಿನ್ನುವುದಿಲ್ಲ.

ಚಂದ್ರಮೋಹನನ ಭಾವ ಅಂಗಿ ಕಳಿಸಿದ. ಸಮುದ್ರದ ಉಪ್ಪಿಗೆ ಹಳದಿ ಬಣ್ಣ ಮಾಸಿದೆ. ಹನ್ನೊಂದೂ ಸೇರಿತು.

ಇನ್ನೊಂದು ಪಾರ್ಸೆಲೂ ಬಂತು. ಪರಾಗ್ವೆಯ ದೋಣಿ ಕಟ್ಟುವವರ ಕ್ಲಬ್ಬಿನದು, ಗುಂಪಿನಲ್ಲಿ ಒಬ್ಬ ಕೊಡುತ್ತಿದ್ದ, ರೋಹಿತನ ಕಪಾಟಿನಲ್ಲಿ ಇರಲಿಲ್ಲ, ತರಿಸಿದೆ. ಕಾಲರಿನ ಒಳಗೆ ಆಟಗಾರನ ಹೆಂಡತಿ ನೀಲಿ ದಾರದಲ್ಲಿ ಹೆಸರು ಹೊಲಿದಿದ್ದಾಳೆ! ಕೂಗಿ ಕರೆದು ಉಮಾವತಿಗೆ ತೋರಿಸಿದೆ.

ಅವಳು ಅಂಗಿ ನೋಡಲಿಲ್ಲ, ನನ್ನ ಮುಖ ನೋಡಿದಳು. "ಮಗ ಸಿಗ್ಲಿಲ್ಲ. ಅಂಗಿ ಸಿಕ್ಕಿತು. ಖುಷಿಯಾ ನಿಮಗೆ?" ಅಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನಗೆ ಬುದ್ಧಿಯಾದರೂ ಬಂತೋ ಇಲ್ಲವೋ ತಿಳಿಯದು. ಇನ್ನು ನನ್ನಿಂದ ಆಗುವುದಿಲ್ಲ. ಅವನು ಸತ್ತಿದ್ದಾನೆ ಎಂದು ಹೇಳುವವರಾದರೂ ಯಾರಾದರೂ ಹೇಳಲಿ, ಹೀಗೆ ಕೊಲ್ಲುವುದು ಬೇಡ. ಇಲ್ಲ. ಹಾಗೆ ಬರೆಯಬಾರದಿತ್ತು. ಹೊಡೆದು ಹಾಕಿದರೂ ಅಕ್ಷರ ಕಾಣುತ್ತಿದೆ.

ಡಿಸೆಂಬರ್ 21, ಭಾನುವಾರ

ನಿಶ್ಮಿತಾ ಹೇಳಿದಳು, "ಪಪ್ಪಾ, ಇಂಗ್ಲಿಷ್ ಬಿಡಿ. ನೀವೇ ಮಾತಾಡಿ, ವಿಡಿಯೋ ಹಾಕೋಣ."

ಹನ್ನೊಂದು ಅಂಗಿಗಳನ್ನೂ ಅವನ ಮಂಚದ ಮೇಲೆ ಹರಡಿ ಎದುರು ಕುಳಿತೆ. ಅಷ್ಟು ದೇಶದವರ ನಡುವೆ ಕನ್ನಡ ತಿಳಿಯುವವನು ಒಬ್ಬನೇ. ಅವನಿದ್ದರೆ.

ಹೀಗೆಂದೆ: "ರೋಹಿತಾ, ನಾನು ಪಪ್ಪಾ. ನೀನು ಈ ಅಂಗಿಗಳಿಗಾಗಿ ಮನೆ ಬಿಟ್ಟೆ. ಎಲ್ಲ ಬಂತು ನೋಡು. ಇದರ ಬೆನ್ನು ಸುಟ್ಟಿದೆ, ಇದರ ಬಣ್ಣ ಹೋಗಿದೆ, ಇದರಲ್ಲಿ ಸಾಂಬಾರಿನ ಕಲೆ ಉಂಟು, ಅಮ್ಮ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಉಳಿದವು ಸರಿ ಇವೆ. ಇನ್ನು ನಾನು ನಿನ್ನ ಕಪಾಟು ಮುಟ್ಟುವುದಿಲ್ಲ. ಬಾ ಮಗಾ. ಅಮ್ಮ ಉಣ್ಣುತ್ತಿಲ್ಲ. ನನಗೂ..." ಅಲ್ಲಿಗೆ ಕೈಯಿಂದ ಕ್ಯಾಮೆರಾ ಮುಚ್ಚಿದೆ. ಆ ಭಾಗ ತೆಗೆದುಹಾಕು ಅಂದೆ. ನಿಶ್ಮಿತಾ ತೆಗೆಯಲಿಲ್ಲ.

ಡಿಸೆಂಬರ್ 24, ಬುಧವಾರ

ಮಧ್ಯಾಹ್ನ ಊಟದ ಗದ್ದಲ, ಟೋಕನಿಗೆ ಜನ ಸಾಲು ನಿಂತಿದ್ದರು. ಫೋನು ಟಿಣ್ ಅಂದಿತು. ಗುಂಪಿನ ಯಾರೋ, ಹೆಸರಿಲ್ಲ, ಫೋಟೋ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

"ತಪ್ಪು, ಪಪ್ಪಾ. ಅಂಗಿಗಾಗಿ ಹೋದದ್ದಲ್ಲ. ನೀವು ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ದೆ. ಹನ್ನೊಂದಲ್ಲ, ಎಲ್ಲ ಕೊಡ್ತಿದ್ದೆ."

ಸಾಲಿನಲ್ಲಿದ್ದವರನ್ನೆಲ್ಲ ಅಲ್ಲೇ ಬಿಟ್ಟೆ. ಕ್ಯಾಶಿನ ಡ್ರಾಯರು ತೆರೆದೇ ಇತ್ತು. ಮೆಟ್ಟಿಲು ಹತ್ತಿ ಹೋಟೆಲಿನ ಮೇಲಿನ ಮನೆಗೆ ಬಂದೆನಂತೆ, ನನಗೆ ನೆನಪಿಲ್ಲ. "ಉಮಾ, ತಪ್ಪಂತೆ! ತಪ್ಪು ಅಂದಿದ್ದಾನೆ!" ಎಂದು ಕೂಗಿದೆನಂತೆ.

ಒಂದೇ ಬೆರಳಿನಲ್ಲಿ ಬರೆದೆ. "ಇನ್ನೂ ಏನೇನು ತಪ್ಪು ಮಾಡಿದ್ದೇನೆ, ಎಲ್ಲ ಹೇಳು. ನಾನು ಇಲ್ಲೇ ಕುಳಿತಿದ್ದೇನೆ. ಎಷ್ಟು ಹೊತ್ತಾದರೂ ಸರಿ."

ಅವನು ಬರೆಯುತ್ತಿದ್ದಾನೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಉಮಾವತಿ ನನ್ನ ಭುಜಕ್ಕೆ ಉಗುರು ಊರಿ ನಿಂತಿದ್ದಳು. ಕೊನೆಗೆ ಬಂದದ್ದು ಇಷ್ಟು:

"ಮೊದಲು ಅಮ್ಮನಿಗೆ ಫೋನ್ ಕೊಡಿ."

ಕೊಟ್ಟೆ. ಕೂಡಲೇ ಅವನ ಕರೆ ಬಂತು. ಅವಳು ಅವನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಒಳಗಿನಿಂದ ಅವಳ ಧ್ವನಿ ಕೇಳುತ್ತಿದೆ, ಅಳುತ್ತಾಳೋ ಬೈಯುತ್ತಾಳೋ ತಿಳಿಯುವುದಿಲ್ಲ. ಕೆಳಗಿನಿಂದ ಚಂದ್ರಮೋಹನ ಕರೆಯುತ್ತಿದ್ದಾನೆ, ಗಿರಾಕಿಗಳು ರೇಗುತ್ತಿದ್ದಾರಂತೆ. ನಾನು ಬಾಗಿಲ ಹೊರಗೆ ನೆಲದ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ನನ್ನ ಸರದಿ ಬರುವವರೆಗೆ ಏಳುವುದಿಲ್ಲ.